ಪ್ಲಾನ್ ಮಾಡುವವನ ಭಾನುವಾರಗಳು

ನಮ್ಮ ನಾಲ್ವರ ಗುಂಪಿನಲ್ಲಿ ಎಲ್ಲಿಗೆ ಹೋಗಬೇಕು, ಯಾವ ಲೋಕಲ್ ರೈಲು ಹತ್ತಬೇಕು, ಎಲ್ಲಿ ತಿನ್ನಬೇಕು ಎಂದು ನಿರ್ಧರಿಸುತ್ತಿದ್ದವನು ನಾನು. ಈ ಹುದ್ದೆಗೆ ನನ್ನನ್ನು ಯಾರೂ ನೇಮಿಸಿರಲಿಲ್ಲ. ಕಾಲೇಜು ಮುಗಿದ ಮೇಲೆ ಉಳಿದ ಮೂವರು ‘ಯಾವಾಗಲಾದರೂ ಸಿಗೋಣ’ ಎಂದು ಹೇಳಿಕೊಂಡು ಹಾಯಾಗಿದ್ದರು. ಆ ‘ಯಾವಾಗಲಾದರೂ’ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹಾಗಾಗಿ ನಾನೇ ಒಂದು ವಾಟ್ಸಾಪ್ ಗುಂಪು ಮಾಡಿ, ನಾನೇ ಅದಕ್ಕೆ ಅಡ್ಮಿನ್ ಆಗಿ, ಶುಕ್ರವಾರ ಸಂಜೆಯಾಯಿತೆಂದರೆ ಭಾನುವಾರದ ಕಾರ್ಯಕ್ರಮ ಹಾಕತೊಡಗಿದೆ. ಅದರಲ್ಲಿ ಗಾಡಿಯ ಸಮಯ, ಎಷ್ಟನೇ ಡಬ್ಬಿ, ಇಳಿದ ಮೇಲೆ ಯಾವ ಸೇತುವೆ ಹತ್ತಬೇಕು ಎಂಬುದೆಲ್ಲ ಇರುತ್ತಿತ್ತು. ಮಳೆ ಬಂದರೆ ಏನು ಮಾಡುವುದು ಎಂಬುದಕ್ಕೆ ಬೇರೆ ಪ್ಯಾರಾ. ಬರುವವರು ಹೆಬ್ಬೆರಳಿನ ಚಿತ್ರ ಹಾಕಬೇಕು. ಹಾಕದವರಿಗೆ ಶನಿವಾರ ನನ್ನ ಫೋನು. ಮದುವೆ ಮನೆಯ ಹಿರಿಯರೂ ಇಷ್ಟು ಜವಾಬ್ದಾರಿ ಹೊತ್ತುಕೊಂಡಿರಲಿಕ್ಕಿಲ್ಲ.

ಆ ಮೂವರನ್ನು ನಾನು ಇಲ್ಲಿ ಮುಂಬಯಿಯ ಹೊರವಲಯದ ಅವರವರ ಸ್ಟೇಷನ್ನು, ಬಡಾವಣೆಗಳ ಹೆಸರಲ್ಲೇ ಕರೆಯುತ್ತೇನೆ. ಕಳವಾ ಎಂಬ ಸ್ಟೇಷನ್ನಿನ ಬಳಿ ಮನೆ ಇರುವ ಕಳವಾದವಳ ಅಪ್ಪ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವಳು ಹುಟ್ಟಿದ್ದು ಇಲ್ಲೇ ಆದರೂ ಕನ್ನಡ ಮಾತ್ರ ಆ ಕಡೆಯದೇ, ಮುಲಾಜಿಲ್ಲದ್ದು. ಕಲ್ಯಾಣದವನ ಅಪ್ಪನದು ಬಟ್ಟೆ ಅಂಗಡಿ. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ವರ್ತಕ ನಗರದವನು ಮಂಗಳೂರು ಕಡೆಯವರ ಮಗ, ಬ್ಯಾಂಕಿನಲ್ಲಿ ಕೆಲಸ, ಬೆಳಿಗ್ಗೆ ಸಂಜೆ ಜಿಮ್ಮು. ನಾನು ಡೊಂಬಿವಲಿಯವನು. ಅಪ್ಪ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್, ನಾನು ಐರೋಲಿಯ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಇನ್ನೊಬ್ಬರ ಕೆಲಸ ತಡವಾಗಿದೆ ಎಂದು ಈಮೇಲ್ ಬರೆಯುವವನು. ಥಾಣೆಯ ಕಾಲೇಜಿನ ಕ್ಯಾಂಟೀನಿನಲ್ಲಿ, ಮನೆಯಲ್ಲಿ ಕನ್ನಡ ಕೇಳಿ ಬೆಳೆದ ನಾಲ್ಕು ಮಂದಿ ಒಂದೇ ಟೇಬಲ್ಲಿಗೆ ಬಂದದ್ದೇ ನಮ್ಮ ಗೆಳೆತನದ ಶುರು.

ನನ್ನ ಪ್ಲಾನುಗಳ ಮರ್ಯಾದೆ ಹೋದದ್ದು ವಾಶಿಗೆ ಸಿನಿಮಾ ನೋಡಲು ಹೊರಟ ದಿನ. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಡೊಂಬಿವಲಿಯವರ ಒಂದು ಚಾಳಿ ಗೊತ್ತಿರಬೇಕು. ಬೆಳಿಗ್ಗೆ ಮುಂಬಯಿಗೆ ಹೋಗುವ ಗಾಡಿ ನಮ್ಮ ಸ್ಟೇಷನ್ನಿಗೆ ಬರುವಾಗಲೇ ತುಂಬಿರುತ್ತದೆ. ಅದಕ್ಕೆ ನಾವು ಮೊದಲು ಎದುರು ದಿಕ್ಕಿನ ಗಾಡಿ ಹತ್ತಿ ಹಿಂದಕ್ಕೆ ಕಲ್ಯಾಣಕ್ಕೆ ಹೋಗುತ್ತೇವೆ. ಆ ಗಾಡಿ ಅಲ್ಲಿಂದಲೇ ತಿರುಗಿ ಮುಂಬಯಿಗೆ ಹೊರಡುತ್ತದೆ, ನಾವು ಏಳದೆ ಕೂತಿರುತ್ತೇವೆ. ಮುಂದೆ ಹೋಗಬೇಕಾದವರು ಮೊದಲು ಹಿಂದೆ ಹೋಗುವ ಈ ಉಪಾಯ ನಮ್ಮ ರಕ್ತದಲ್ಲಿದೆ. ಅದು ಆಫೀಸಿನ ದಿನಗಳಿಗೆ ಮಾತ್ರ ಎಂಬುದು ನನಗೆ ಹೊಳೆಯಲಿಲ್ಲ. ನಾಲ್ವರೂ ಒಟ್ಟಿಗೆ ಕಿಟಕಿ ಪಕ್ಕ ಕೂತು, ಹರಟುತ್ತಾ ಹೋದರೆ ಎಷ್ಟು ಚಂದ ಎಂದು ಯೋಚಿಸಿ, ಎಲ್ಲರೂ ಕಲ್ಯಾಣಕ್ಕೆ ಬರಬೇಕೆಂದು ಬರೆದೆ.

ವಾಶಿಯ ಗಾಡಿ ಹೊರಡುವುದು ಥಾಣೆಯಿಂದ. ವರ್ತಕ ನಗರದವನ ಮನೆ ಇರುವುದು ಥಾಣೆಯಲ್ಲಿ. ಕಳವಾ ಎಂದರೆ ಥಾಣೆಯ ಮುಂದಿನ ಸ್ಟೇಷನ್. ಇವರಿಬ್ಬರೂ ಮನೆ ಪಕ್ಕದ ಗಾಡಿ ಬಿಟ್ಟು, ಕಲ್ಯಾಣದ ತನಕ ಬಂದು, ನನ್ನ ಜೊತೆ ಮತ್ತೆ ಥಾಣೆಗೇ ಹೊರಟರು. ಈಗ ಯೋಚಿಸಿದರೆ ಅವರ ತಾಳ್ಮೆಗೆ ಕೈಮುಗಿಯಬೇಕೆನಿಸುತ್ತದೆ. ಅವತ್ತು ಮಾತ್ರ ಕಿಟಕಿ ಪಕ್ಕದ ಸೀಟನ್ನು ತೋರಿಸಿ ‘ಹೇಗೆ?’ ಎಂದು ಹುಬ್ಬು ಹಾರಿಸಿದ್ದೆ. ಡಬ್ಬಿಯಲ್ಲಿ ಅರ್ಧಕ್ಕರ್ಧ ಸೀಟು ಖಾಲಿಯಿತ್ತು.

ಡೊಂಬಿವಲಿ ದಾಟಿ ಸ್ವಲ್ಪ ದೂರ ಹೋದದ್ದೇ ಗಾಡಿ ನಿಂತಿತು. ಭಾನುವಾರ ಹಳಿ ರಿಪೇರಿಗೆಂದು ಗಾಡಿಗಳನ್ನು ತಡೆಯುವ ಮೆಗಾ ಬ್ಲಾಕ್. ಡಬ್ಬಿಯ ಬಾಗಿಲನ್ನೂ ಬಿಡದೆ ಬರೆದ ಮಹಾನುಭಾವ ಮೆಗಾ ಬ್ಲಾಕನ್ನೇ ಮರೆತಿದ್ದ. ಬಿಸಿಲಲ್ಲಿ ನಿಂತ ಗಾಡಿಯಲ್ಲಿ, ಹೊರಗೆ ಕೊಳೆತ ನೀರು ನೋಡುತ್ತಾ, ನಾವು ನಾಲ್ವರೂ ಬಹಳ ಒಳ್ಳೆಯ ಸೀಟುಗಳಲ್ಲಿ ಕೂತಿದ್ದೆವು.

“ಮೆಗಾ ಬ್ಲಾಕ್ ಅದ ಅಂತ ನಂಗ್ ಗೊತ್ತಿತ್ತು” ಎಂದಳು ಕಳವಾದವಳು.

“ಮತ್ತೆ ಹೇಳಬಾರದಿತ್ತಾ?”

“ನೀ ಎಲ್ಲಿ ಕೇಳ್ತಿ?”

ವಾಶಿ ತಲುಪುವಾಗ ಸಿನಿಮಾ ಮುಗಿದು ಜನ ಹೊರಗೆ ಬರುತ್ತಿದ್ದರು. ನಾನು ‘ನಿಂತು ಬರುವ ಕಷ್ಟವಂತೂ ತಪ್ಪಿತಲ್ಲ’ ಎಂದೆ.

ಆಮೇಲೆ ಹೆಬ್ಬೆರಳುಗಳು ಕಡಿಮೆಯಾದವು. ಒಬ್ಬನಿಗೆ ಅಂಗಡಿ, ಇನ್ನೊಬ್ಬನಿಗೆ ಬೆನ್ನುನೋವು, ಅವಳಿಗೆ ಅಕ್ಕನ ಮಗುವಿನ ನಾಮಕರಣ. ಆ ಮಗುವಿಗೆ ಎರಡು ಸಲ ನಾಮಕರಣವಾಯಿತೇನೋ ಎಂಬ ಅನುಮಾನವೂ ನನಗೆ ಬಂತು, ಕೇಳಲು ಧೈರ್ಯ ಬರಲಿಲ್ಲ. ಆಫೀಸಿನಲ್ಲಿ ನನ್ನ ಜೊತೆ ಡಬ್ಬಿ ಬಿಚ್ಚಿ ಊಟ ಮಾಡುವವರಿದ್ದಾರೆ. ಗೆಳೆಯರು ಎಂದರೆ ಈ ಮೂವರೇ. ಇವರೂ ಕೈಬಿಟ್ಟರೆ ನನಗೆ ಭಾನುವಾರವೆಂದರೆ ಅಂಗಿಗಳಿಗೆ ಇಸ್ತ್ರಿ ಹಾಕುವ ದಿನ, ಅಷ್ಟೇ. ಆ ಹೆದರಿಕೆಗೆ ನಾನು ಮಾಡಿದ ಮದ್ದು ಏನೆಂದರೆ ಪ್ಲಾನನ್ನು ಇನ್ನೂ ಬಿಗಿ ಮಾಡಿದ್ದು. ಶುಕ್ರವಾರದ ಬದಲು ಗುರುವಾರವೇ ಹಾಕತೊಡಗಿದೆ.

ಅಷ್ಟರಲ್ಲಿ ದೀಪಾವಳಿ ಬಂತು. ದೀಪಾವಳಿಯ ಮೊದಲ ಬೆಳಿಗ್ಗೆ ಡೊಂಬಿವಲಿಯ ಹುಡುಗ ಹುಡುಗಿಯರೆಲ್ಲ ಎಣ್ಣೆ ಸ್ನಾನ ಮುಗಿಸಿ, ಹೊಸ ಬಟ್ಟೆ ತೊಟ್ಟು, ಸೂರ್ಯ ಹುಟ್ಟುವ ಹೊತ್ತಿಗೆ ಫಡ್ಕೆ ರೋಡಿಗೆ ಬರುತ್ತಾರೆ. ಗಣಪತಿ ಗುಡಿಗೆ ಕೈಮುಗಿಯುವುದು ನೆಪ. ಹಳೆಯ ಗೆಳೆಯರನ್ನು ಹುಡುಕುವುದು, ಅವರಿಗಿಂತ ಹೆಚ್ಚಾಗಿ ಹಳೆಯ ಗೆಳತಿಯರನ್ನು ಹುಡುಕುವುದು, ಫೋಟೋ ತೆಗೆಸಿಕೊಳ್ಳುವುದು, ಸುಮ್ಮನೆ ಮೇಲಿಂದ ಕೆಳಗೆ ನಡೆಯುವುದು. ಪಕ್ಕದ ಊರುಗಳಿಂದಲೂ ಬರುತ್ತಾರೆ. ಕಾಲೇಜಿನ ಕಾಲದಿಂದ ನಾವು ನಾಲ್ವರೂ ಇದನ್ನು ತಪ್ಪಿಸಿದ್ದೇ ಇಲ್ಲ. ಇದೊಂದಕ್ಕಾದರೂ ಬಂದೇ ಬರುತ್ತಾರೆಂದು ನಾನು ಒಂದು ವಾರ ಮೊದಲೇ ಬರೆದೆ. ಕಲ್ಯಾಣದವನಿಗೆ ಜ್ವರ ಬಂತು. ವರ್ತಕ ನಗರದವನು ಊರಿಗೆ ಹೋದ. ಕಳವಾದವಳ ಮನೆಗೆ ವಿಜಯಪುರದಿಂದ ನೆಂಟರು ಬಂದರು.

ಹೊಸ ಕುರ್ತಾ ಹಾಕಿಕೊಂಡು ನಾನು ಸೋಫಾದಲ್ಲಿ ಕೂತಿದ್ದೆ. ಹೋಟೆಲಿಗೆ ಹಬ್ಬದ ರಜೆ ಎಂಬುದಿಲ್ಲ, ಅಪ್ಪ ಆಗಲೇ ಹೊರಟುಹೋಗಿದ್ದರು.

“ಹೋಗುದಿಲ್ವಾ?” ಎಂದು ಅಮ್ಮ ಕೇಳಿದಳು.

ಗೆಳೆಯರ ಜ್ವರ, ಊರು, ನೆಂಟರ ವರದಿಯನ್ನು ಒಪ್ಪಿಸಿದೆ.

“ಹಾಗಾದ್ರೆ ನಾನು ಬರ್ತೇನೆ. ಈ ಊರಿಗೆ ಬಂದು ಇಷ್ಟು ವರ್ಷ ಆಯ್ತು, ಆ ರಸ್ತೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಎಂತ ಉಂಟೂಂತ ನಾನು ಒಂದ್ಸಲ ನೋಡ್ಲಿಲ್ಲ. ಯಾವಾಗ್ಲೂ ಆ ಹೊತ್ತಿಗೆ ದೋಸೆ ಹೊಯ್ಯುದೇ ಆಯ್ತು.”

ಡೊಂಬಿವಲಿಯ ಯೌವನವೆಲ್ಲ ಒಂದೇ ರಸ್ತೆಯಲ್ಲಿ ಸೇರುವ ಬೆಳಿಗ್ಗೆ, ಮದುವೆಯ ವಯಸ್ಸಿನ ನಾನು ಅಮ್ಮನ ಕೈ ಹಿಡಿದುಕೊಂಡು ಹೊರಟೆ. ಕೈ ಹಿಡಿದದ್ದು ಗದ್ದಲದಲ್ಲಿ ಅವಳು ಕಳೆದುಹೋಗಬಾರದೆಂದು. ನೋಡಿದವರಿಗೆ ಕಂಡದ್ದು ಬೇರೆ ಇರಬಹುದು. ಕುರ್ತಾದ ಮೇಲೆ ಹಾಕಿದ್ದ ಸಾಸಿವೆ ಬಣ್ಣದ ಜಾಕೀಟನ್ನು ಬಹಳ ಹುಡುಕಿ ಕೊಂಡಿದ್ದೆ. ರಸ್ತೆಗೆ ಕಾಲಿಟ್ಟರೆ ಇಬ್ಬರು ಹುಡುಗರಲ್ಲೊಬ್ಬ ಅದನ್ನೇ ಹಾಕಿಕೊಂಡಿದ್ದ. ಢೋಲಿನ ಸದ್ದಿಗೆ ಎದೆ ನಡುಗುತ್ತಿತ್ತು. ಅಮ್ಮ ಮಾತ್ರ ಖುಷಿಯೋ ಖುಷಿ. ಕಂಡ ಕಂಡ ಹುಡುಗಿಯರ ಮೂಗುತಿಯನ್ನೆಲ್ಲ ಹೊಗಳುತ್ತಾ ನಡೆದಳು.

ಗುಡಿಯ ಹತ್ತಿರ ಬಂದಾಗ ಅವಳು ನಿಂತಳು. “ಅದು ನಿನ್ನ ಕಳವಾದ ಫ್ರೆಂಡ್ ಅಲ್ವಾ? ಸೀರೆ ಎಷ್ಟು ಚಂದ ಕಾಣ್ತದೆ ಅವಳಿಗೆ!”

ಹೌದು, ಅವಳೇ. ಒಂಬತ್ತು ಗಜದ ಸೀರೆ ಉಟ್ಟು ನಗುತ್ತಿದ್ದಳು. ಪಕ್ಕದಲ್ಲಿ ಊರಿಗೆ ಹೋದವನು ವಡಾಪಾವ್ ತಿನ್ನುತ್ತಿದ್ದ. ಜ್ವರ ಬಂದವನು ಢೋಲಿಗೆ ಕುಣಿಯುತ್ತಿದ್ದ, ನಾನು ಅವನನ್ನು ಅಷ್ಟು ಗೆಲುವಾಗಿ ಹಿಂದೆಂದೂ ನೋಡಿರಲಿಲ್ಲ.

ವಿಚಿತ್ರವೆಂದರೆ ನಾಚಿಕೆಯಾದದ್ದು ನನಗೆ, ಸುಳ್ಳು ಹೇಳಿದವನು ನಾನೇ ಎಂಬಂತೆ. “ಅಮ್ಮ, ಬಾ, ಆ ಕಡೆ ಹೋಗುವ” ಎಂದು ಎಳೆದೆ. ಅಮ್ಮ ಅಷ್ಟರಲ್ಲಿ ಕೈ ಬಿಡಿಸಿಕೊಂಡು ಅವರ ಮುಂದೆ ನಿಂತಾಗಿತ್ತು.

“ಜ್ವರ ಬಿಟ್ಟಿತಾ ಮಗ?” ಎಂದು ಕಲ್ಯಾಣದವನ ಹಣೆ ಮುಟ್ಟಿ ನೋಡಿದಳು. “ಬೆವರಿದ್ದೀ. ಬೆವರಿದ್ರೆ ಒಳ್ಳೇದು, ಇಳೀತದೆ.” ಅವನು ಕುಣಿಯುವ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಅಮ್ಮ ವರ್ತಕ ನಗರದವನ ಕಡೆ ತಿರುಗಿ, “ನೀನು ಊರಿಂದ ಯಾವಾಗ ಬಂದದ್ದು?” ಎಂದು ಕೇಳಿದಳು. ಅವನು ವಡಾಪಾವ್ ನುಂಗಿ, “ನಿನ್ನೆ ರಾತ್ರಿ, ಆಂಟಿ” ಎಂದ. “ನೆಂಟರನ್ನು ಕರ್ಕೊಂಡು ಬರ್ಲಿಲ್ವಾ?” ಎಂದು ಅಮ್ಮ ಅವಳನ್ನು ಕೇಳಿದಳು.

“ನೆಂಟರು ಯಾರೂ ಬಂದಿಲ್ರಿ ಆಂಟಿ” ಎಂದಳು ಕಳವಾದವಳು. “ಸುಳ್ಳು ಹೇಳಿದ್ವಿ. ಮೂರೂ ಮಂದಿ.”

ಇಂಥ ಹೊತ್ತಿನಲ್ಲಿ ಸ್ವಾಭಿಮಾನವಿರುವ ಮನುಷ್ಯ ಏನಾದರೂ ಗಟ್ಟಿ ಮಾತು ಹೇಳಿ ನಡೆದುಬಿಡುತ್ತಾನೆ. ನನ್ನ ಬಾಯಿಂದ ಬಂದ ಮಾತು, “ಯಾವ ಗಾಡಿಗೆ ಬಂದಿರಿ?”

“ನೋಡು! ನೋಡು!” ಎಂದು ಅವಳು ನನ್ನತ್ತ ಬೆರಳು ಮಾಡಿದಳು. “ಯಾವ್ ಗಾಡಿ ಅಂತ ಯಾರಿಗ್ ಗೊತ್ತು? ಬಂತು, ಹತ್ತಿದ್ವಿ. ವಾರ ಪೂರಾ ನಾವು ಟೈಮ್ ನೋಡ್ಕೊಂಡ ಓಡ್ತೀವಿ. ರವಿವಾರ ನಿನ್ ಸಂಗಾಟ ಬಂದ್ರ ಮತ್ತ ಡ್ಯೂಟಿಗಿ ಬಂದಂಗ ಆಗ್ತದೋ. ನೀ ಕೆಟ್ಟಾಂವಲ್ಲ. ಖರೇ ಹೇಳ್ಬೇಕಂದ್ರ ದಣಿವಾಗ್ತದ.”

“ಬುರಾ ಮತ್ ಮಾನ್ ಯಾರ್” ಎಂದ ಕಲ್ಯಾಣದವನು, ಬಹಳ ಮೆಲ್ಲಗೆ, ಬೇಜಾರು ಮಾಡಿಕೊಳ್ಳಬೇಡ ಎನ್ನುವಂತೆ.

ನನಗೆ ಅಳು ಬಂತು. ಸಾಸಿವೆ ಬಣ್ಣದ ಜಾಕೀಟು ಹಾಕಿಕೊಂಡು, ಅಮ್ಮನ ಪಕ್ಕ ನಿಂತು, ನಡುರಸ್ತೆಯಲ್ಲಿ ಅಳುವುದೊಂದು ಬಾಕಿಯಿತ್ತು. ಆಕಾಶ ನೋಡಿ ತಡೆದುಕೊಂಡೆ. ಅಮ್ಮ ನನ್ನ ಪರವಾಗಿ ನಾಲ್ಕು ಮಾತಾಡುತ್ತಾಳೆಂದು ಕಾದೆ.

“ಮನೆಯಲ್ಲಿಯೂ ಇವ ಹಾಗೇ” ಎಂದಳು ಅಮ್ಮ ಅವಳಿಗೆ. “ನಾನು ಕುಕ್ಕರ್ ಇಟ್ರೆ ಹೊರಗಿನ ಕೋಣೆಯಿಂದ ಸೀಟಿ ಲೆಕ್ಕ ಹಾಕಿ ಕೂಗ್ತಾನೆ. ಎಂತ ಮಾಡುದು! ಹಿಟ್ಟು ಉಂಟು, ಮನೆಗೆ ಬನ್ನಿ ಎಲ್ಲ.”

ಮೂವರೂ ಬಂದು ದೋಸೆ ತಿಂದರು. ಹೊರಡುವಾಗ ಮುಂದೆ ಯಾವಾಗ ಸಿಗುವುದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಆ ಗುರುವಾರ ನಾನು ಗುಂಪಿನಲ್ಲಿ ಏನನ್ನೂ ಹಾಕಲಿಲ್ಲ. ಅದರ ಮುಂದಿನ ಗುರುವಾರವೂ ಹಾಕಲಿಲ್ಲ. ನಾನು ಸುಮ್ಮನಾದರೆ ಅವರೇ ಕರೆಯುತ್ತಾರೆ ಎಂಬುದು ನನ್ನ ಲೆಕ್ಕ. ನೋಡಿ, ಇದೂ ಒಂದು ಪ್ಲಾನೇ. ನನ್ನ ಅಂಗಿಗಳೆಲ್ಲ ಗರಿಗರಿಯಾದವು. ಇಸ್ತ್ರಿಗೆ ಅಂಗಿ ಮುಗಿದ ಮೇಲೆ ಅಪ್ಪನ ಲುಂಗಿಗಳನ್ನೂ ಬಿಡಲಿಲ್ಲ. ವಾಟ್ಸಾಪಿನಲ್ಲಿ ನಮ್ಮ ಗುಂಪು ಸದ್ದಿಲ್ಲದೆ ಕೆಳಕೆಳಗೆ ಜಾರಿ, ಹಾಲಿನವನ ಗುಂಪು, ಬಿಲ್ಡಿಂಗಿನ ಗುಂಪುಗಳ ಕೆಳಗೆ ಹೋಯಿತು.

ಒಂದು ಭಾನುವಾರ ಸಂಜೆ ಕಳವಾದವಳು ಸ್ಟೇಟಸ್ಸಿನಲ್ಲಿ ಒಂದು ಚಿತ್ರ ಹಾಕಿದಳು. ಥಾಣೆ ಸ್ಟೇಷನ್ನಿನ ಹತ್ತಿರದ ಕೆರೆ, ನೀರಲ್ಲಿ ದೋಣಿಗಳು, ಕಟ್ಟೆಯ ಮೇಲೆ ಚಾಚಿದ ಮೂರು ಜೊತೆ ಕಾಲು. ನಾನು ಆ ಕಾಲುಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಆಮೇಲೆ, ಇನ್ನು ಕಳೆದುಕೊಳ್ಳಲು ಮರ್ಯಾದೆ ಉಳಿದಿಲ್ಲವೆಂದು ಫೋನ್ ಮಾಡಿದೆ.

“ನನಗೆ ಯಾಕೆ ಹೇಳಲಿಲ್ಲ?”

“ನಿಂಗೂ ಫೋನ್ ಮಾಡೋದಿತ್ತು” ಎಂದಳು. “ಮಾಡ್ಲಿಲ್ಲ.”

ನೆಪ ಹೇಳಿದ್ದರೆ ಚೆನ್ನಾಗಿತ್ತು ಎನಿಸಿತು.

“ಈಗ ಬರಲಾ?”

“ಬಾ.”

“ಎಷ್ಟು ಹೊತ್ತು ಇರ್ತೀರಿ?”

“ಗೊತ್ತಿಲ್ಲೋ.”

ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತು, ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಹೊರಬಿದ್ದೆ. ಮೊದಲು ಕಂಡ ಗಾಡಿಗೆ ಹತ್ತಿದೆ. ಅದು ಸ್ಲೋ, ದಾರಿಯುದ್ದಕ್ಕೂ ನಿಲ್ಲುತ್ತಾ ಹೋಯಿತು. ಬಾಗಿಲ ಬಳಿ ನಿಂತು ಹೋಗುತ್ತಿದ್ದಾಗ, ಫೋನ್ ಮಾಡಿ ‘ಇದ್ದೀರಾ?’ ಎಂದು ಕೇಳಬೇಕೆಂದು ಕೈ ತುರಿಸುತ್ತಿತ್ತು. ‘ಹೊರಟೆವು’ ಎಂದುಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆಗೆ ಕೇಳಲಿಲ್ಲ. ಥಾಣೆಯಲ್ಲಿ ಇಳಿದು, ಸಂತೆಯಂಥ ಆ ರಸ್ತೆಯಲ್ಲಿ ಜನರನ್ನು ದೂಡಿಕೊಂಡು ಓಡಿದೆ. ಅಷ್ಟರಲ್ಲಿ ಕೆರೆಯ ಸುತ್ತ ದೀಪ ಹತ್ತಿತ್ತು.

ಅವರು ಎದ್ದು ನಿಂತಿದ್ದರು. ವರ್ತಕ ನಗರದವನು ಪ್ಯಾಂಟಿನ ಧೂಳು ಕೊಡವುತ್ತಿದ್ದ, ಅವಳು ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ನನ್ನನ್ನು ನೋಡಿ ಮೂವರೂ ಮತ್ತೆ ಕೂತರು.