ಎತ್ತಿನ ಸೋಮವಾರ

ಗಂಡ ಬದುಕಿರುವಾಗ ಹೆಂಡತಿ ಅವನ ಹೆಸರು ಹೇಳಬಾರದು. ಇಪ್ಪತ್ತೆರಡು ವರ್ಷ ನಾನೂ ಹೇಳಲಿಲ್ಲ. ಈಗ ಹೇಳಿದರೆ ಯಾರೂ ಬೇಡ ಎನ್ನುವುದಿಲ್ಲ. ಗಾಳೆಪ್ಪ.

ಶಿರಹಟ್ಟಿ ಕಚೇರಿಯಲ್ಲಿ ಸಿಪಾಯಿಯಾಗಿದ್ದರು. ಆಗ ಶಿರಹಟ್ಟಿ ಸಂಸ್ಥಾನದ ಊರು. ಕಚೇರಿ ಬಾಗಿಲಲ್ಲಿ ನಿಲ್ಲುವುದು, ಒಳಗಿನ ಕಾಗದ ಹೊರಗೆ ಒಯ್ಯುವುದು, ಅರ್ಜಿ ಹಿಡಿದು ಬಂದವರಿಗೆ ನಾಳೆ ಬರ್ರಿ ಎನ್ನುವುದು, ಇದು ಅವರ ಕೆಲಸ. ಹದಿನಾಲ್ಕು ವರ್ಷ ಇದನ್ನೇ ಮಾಡಿದರು. ಸೊಂಟಕ್ಕೆ ಅಂಗೈ ಅಗಲದ ಚರ್ಮದ ಪಟ್ಟಾ, ಪಟ್ಟಾದ ಮೇಲೆ ಹಿತ್ತಾಳೆ ಬಿಲ್ಲೆ. ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ನಾನೇ ತಿಕ್ಕುತ್ತಿದ್ದೆ.

ಸ್ವಾತಂತ್ರ್ಯ ಬಂದ ಮರುವರ್ಷ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು. ಓದು ಬಲ್ಲವರನ್ನು ಇಟ್ಟುಕೊಂಡರು. ಉಳಿದವರನ್ನು ಸಾಲಾಗಿ ನಿಲ್ಲಿಸಿ ಬಿಲ್ಲೆ ಬಿಚ್ಚಿಸಿಕೊಂಡರು. ಪಟ್ಟಾ ಯಾರೂ ಕೇಳಲಿಲ್ಲ. ಇವರು ಅದನ್ನು ಕಟ್ಟಿಕೊಂಡೇ ಮನೆಗೆ ಬಂದರು. ಬಿಲ್ಲೆ ಇದ್ದಲ್ಲಿ ಎರಡು ತೂತು.

ಎರಡು ವರ್ಷ ಕೆಲಸ ಸಿಗಲಿಲ್ಲ. ಹೊಲಕ್ಕೆ ಹೋದರೆ ಕಚೇರಿ ಮನುಷ್ಯನಿಗೆ ಕಳೆ ತೆಗೆ ಅನ್ನುವುದು ಹೇಗೆ ಎಂದು ರೈತರು ಹಿಂದೆಮುಂದೆ ನೋಡುತ್ತಿದ್ದರು. ಬೆಟಗೇರಿಯಲ್ಲಿ ಮಗ್ಗದ ಮನೆಗಳಿಗೆ ಹೋದರೆ ನಲವತ್ತರ ಹತ್ತಿರ ಬಂದವನಿಗೆ ಈಗ ಏನು ಕಲಿಸೋಣ ಎಂದರು. ನಾನು ಬೆಳ್ಳಟ್ಟಿ ಹೊಲಗಳಲ್ಲಿ ಹತ್ತಿ ಬಿಡಿಸಲು ಹೋಗುತ್ತಿದ್ದೆ. ಸಂಜೆ ಬಂದರೆ ಇವರು ರೊಟ್ಟಿ ಬಡಿದು ಇಟ್ಟಿರುತ್ತಿದ್ದರು. ದಪ್ಪ ರೊಟ್ಟಿ. ನಾನು ಮುರಿದು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದೆ.

ಗದಗಿನಲ್ಲಿ ಕೆಲಸ ಕೊಡಿಸುವ ಒಂದು ಆಫೀಸು ಆಗಿದೆ ಎಂದು ಯಾರೋ ಹೇಳಿದರು. ಇವರು ನಡೆದು ಹೋಗಿ ಹೆಸರು ಬರೆಸಿದರು. ಆ ಆಫೀಸಿನ ರೀತಿ ಹೀಗಿತ್ತು. ಕೆಲಸ ಕಳೆದುಕೊಂಡವರನ್ನು ಸಣ್ಣ ಕಸುಬಿನವರ ಹತ್ತಿರ ಕಳಿಸುತ್ತಿದ್ದರು. ಒಂದು ವರ್ಷ ಅರ್ಧ ಪಗಾರ ಸರಕಾರದ್ದು, ಅರ್ಧ ಧಣಿಯದ್ದು. ವರ್ಷ ಮುಗಿದ ಮೇಲೆ ಇಟ್ಟುಕೊಳ್ಳುವುದು ಬಿಡುವುದು ಧಣಿಗೆ ಸೇರಿದ್ದು.

ಇವರನ್ನು ಲಕ್ಷ್ಮೇಶ್ವರದ ವಿರೂಪಾಕ್ಷಪ್ಪನ ಎಣ್ಣೆಗಾಣಕ್ಕೆ ಕಳಿಸಿದರು. ವಿರೂಪಾಕ್ಷಪ್ಪನ ಅಣ್ಣ ಸತ್ತಿದ್ದ. ಒಬ್ಬನ ಕೈಯಲ್ಲಿ ಗಾಣ ಅರ್ಧ ದಿನ ತಿರುಗುತ್ತಿತ್ತು, ಅರ್ಧ ದಿನ ನಿಲ್ಲುತ್ತಿತ್ತು. ಕುಸುಬಿ ತಂದ ಅಡರಕಟ್ಟಿ ರೈತರು ಕಾದು ಕಾದು ಗದಗಿನ ಎಣ್ಣೆ ಮಿಷನ್ನಿಗೆ ಒಯ್ಯುತ್ತಿದ್ದರು. ಪೂರಾ ಪಗಾರ ಕೊಟ್ಟು ಆಳು ಇಡುವ ತಾಕತ್ತು ಅವನಿಗೆ ಇರಲಿಲ್ಲ. ಅರ್ಧ ಕೊಡಬಲ್ಲೆ ಎಂದ. ನಾವು ಶಿರಹಟ್ಟಿ ಬಿಟ್ಟು ಅವನ ಹಿತ್ತಲ ಖೋಲಿಗೆ ಬಂದೆವು.

ಆಫೀಸಿನ ಕಾಗದ ಇಂಗ್ಲಿಷಿನಲ್ಲಿತ್ತು. ಕಾರಕೂನ ಹೆಸರು ಕೇಳಿದ, ಊರು ಕೇಳಿದ, ಉಳಿದದ್ದನ್ನು ತಾನೇ ತುಂಬಿದ. ಇವರೂ ವಿರೂಪಾಕ್ಷಪ್ಪನೂ ಕೆಳಗೆ ಸಹಿ ಹಾಕಿದರು. ಮೇಲೆ ಏನಿದೆ ಎಂದು ಕೇಳಲಿಲ್ಲ. ಸರಕಾರಿ ಕಾಗದವನ್ನು ಕೇಳುವ ರೂಢಿ ಇವರಿಗೆ ಇರಲಿಲ್ಲ.

ಕೆಲಸ ಬೇಗ ಹತ್ತಿತು. ಕುಸುಬಿ ಎಷ್ಟು ಕಾಯಬೇಕು, ನೀರು ಯಾವಾಗ ಚಿಮುಕಿಸಬೇಕು, ಎಣ್ಣೆ ಬಿಡುವಾಗ ಗಾಣದ ಸಪ್ಪಳ ಹೇಗೆ ಬದಲಾಗುತ್ತದೆ, ಎಲ್ಲ ತಿಳಿದುಕೊಂಡರು. ಶಿರಹಟ್ಟಿಯಲ್ಲಿ ಇವರನ್ನು ಅರಿಯದ ಮನೆ ಇರಲಿಲ್ಲ. ಎಣ್ಣೆ ಡಬ್ಬಿ ಹೊತ್ತು ಅಲ್ಲಿಗೆ ಹೋದರೆ ಖಾಲಿ ಡಬ್ಬಿ ತರುತ್ತಿದ್ದರು. ಗಾಣ ದಿನವಿಡೀ ತಿರುಗತೊಡಗಿತು. ವಿರೂಪಾಕ್ಷಪ್ಪನ ಹೆಂಡತಿ ಶಾರದವ್ವ ನನಗೆ ಹಿಂಡಿ ಚೂರು ಕೊಟ್ಟು, ನಿನ್ನ ಗಂಡ ಬಂದ ಮೇಲೆ ನಮ್ಮ ಒಲೆಯೂ ಎರಡು ಹೊತ್ತು ಉರಿಯುತ್ತಿದೆ ಎಂದಳು. ನನಗೂ ನಗು ಬಂತು. ಬಹಳ ದಿನದ ಮೇಲೆ.

ಸೋಮವಾರ ಮಾತ್ರ ಗಾಣ ನಿಲ್ಲುತ್ತಿತ್ತು. ಸೋಮವಾರ ಬಸವಣ್ಣನ ದಿನ. ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ನಮ್ಮ ಕಡೆ ಕೂಸಿಗೂ ಗೊತ್ತು. ಅದರ ಬದಲಿಗೆ ರವಿವಾರ ದುಡಿಯುತ್ತಿದ್ದರು.

ಎರಡನೇ ತಿಂಗಳು ಆಫೀಸಿನ ಸಾಹೇಬರು ನೋಡಲು ಬಂದರು. ಬಂದದ್ದು ಸೋಮವಾರ. ಗಾಣ ನಿಂತಿತ್ತು. ಎತ್ತು ಮೈ ತೊಳೆಸಿಕೊಂಡು ಮೇವು ತಿನ್ನುತ್ತಿತ್ತು. ಇವರು ಎದ್ದು ಕೈಕಟ್ಟಿ ನಿಂತರು. ಇವತ್ತು ಕೆಲಸ ಇಲ್ಲವೇ ಎಂದು ಸಾಹೇಬರು ಕೇಳಿದರು. ಇಲ್ಲ ಎಂದರು. ಪ್ರತಿ ಸೋಮವಾರವೂ ಇಲ್ಲವೇ ಎಂದು ಮತ್ತೆ ಕೇಳಿದರು. ಇಲ್ಲ ಎಂದರು. ಯಾಕೆ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಸಾಹೇಬರು ದೂರದ ಊರಿನವರು. ಬರೆದುಕೊಂಡು ಹೋದರು.

ಹದಿನೈದು ದಿನಕ್ಕೆ ಕಾಗದ ಬಂತು, ಅದೂ ಇಂಗ್ಲಿಷಿನಲ್ಲಿ. ಶಾಲೆಯ ಮಾಸ್ತರರು ಓದಿ ಹೇಳಿದರು. ಕೆಲಸಗಾರ ವಾರದಲ್ಲಿ ಒಂದು ದಿನ ಗೈರುಹಾಜರು. ಇನ್ನು ಮುಂದೆ ಹೀಗಾದರೆ ಸರಕಾರದ ಅರ್ಧ ನಿಲ್ಲುತ್ತದೆ, ಜಾಗ ರದ್ದಾಗುತ್ತದೆ.

ವಿರೂಪಾಕ್ಷಪ್ಪ ಕಟ್ಟೆಯ ಮೇಲೆ ಕುಳಿತುಬಿಟ್ಟ. ಸರಕಾರದ ಅರ್ಧ ನಿಂತರೆ ಆಳು ಇಡಲಾರೆ, ಸೋಮವಾರ ಎತ್ತು ಹೂಡಿದರೆ ಊರಲ್ಲಿ ಮುಖ ತೋರಿಸಲಾರೆ ಎಂದ. ಗದಗಿಗೆ ಹೋಗಿ ಹೇಳಿ ಬರಬಾರದೇ ಎಂದು ನಾನು ಬಾಗಿಲ ಹಿಂದಿನಿಂದ ಕೇಳಿದೆ. ಇವರು ನನ್ನ ಕಡೆ ನೋಡಿದರು. "ಸರಕಾರಿ ಕಾಗದ ಒಮ್ಮೆ ಹೊಂಟಿತಂದ್ರ ತಿರುಗಿ ಬರಂಗಿಲ್ಲ. ಹದಿನಾಲ್ಕು ವರ್ಷ ಬಾಗಲದಾಗ ನಿಂತು ನೋಡೀನಿ. ಕೇಳಾಕ ಹೋದವರನ್ನ ನಾನ ಹೊರಗ ಹಾಕೀನಿ," ಎಂದರು.

ನಾನು ಒಳಗೆ ಹೋಗಿ ಒಲೆ ಹೊತ್ತಿಸಿದೆ. ಇನ್ನೊಮ್ಮೆ ಹೇಳಬೇಕಿತ್ತು.

ಮುಂದಿನ ಸೋಮವಾರ ಬೆಳಿಗ್ಗೆ ಗಾಣದ ಸಪ್ಪಳ ಕೇಳಿ ಹೊರಗೆ ಬಂದೆ. ಎತ್ತು ಗೋದಲಿಯಲ್ಲೇ ಇತ್ತು. ಇವರು ಎದೆಗೆ ಆ ಹಳೆಯ ಪಟ್ಟಾ ಬಿಗಿದು ಅದನ್ನು ಗಾಣದ ಅಡ್ಡಮರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದರು. ಕುಸುಬಿ ಅರ್ಧವೇ ಹಾಕಿದ್ದರು. ಆದರೂ ಕಾಲು ಜಾರುತ್ತಿತ್ತು.

ವಿರೂಪಾಕ್ಷಪ್ಪ ಓಡಿ ಬಂದು ಮರ ಹಿಡಿದು ನಿಲ್ಲಿಸಿದ. ಜನ ನನ್ನನ್ನು ಏನು ಅಂದಾರು ಎಂದ. ಶಾರದವ್ವ ಬೈದಳು. ಇವರು, ಎತ್ತು ಹೂಡಬಾರದು ಅಂತ ಐತಿ, ಮನುಷ್ಯನನ್ನು ಹೂಡಬಾರದು ಅಂತ ಎಲ್ಲಿ ಐತಿ ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ವಿರೂಪಾಕ್ಷಪ್ಪನೂ ಹಿಂದಿನಿಂದ ಕೈಕೊಟ್ಟು ನೂಕಿದ. ಅವನಿಗೆ ಬೆನ್ನುನೋವು. ನಾಲ್ಕು ಸುತ್ತು ಹಾಕಿ ಕುಳಿತುಬಿಟ್ಟ.

ಎತ್ತಿಗೆ ತಲೆ ತಿರುಗಬಾರದು ಎಂದು ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಇವರು ಕಣ್ಣು ಬಿಟ್ಟುಕೊಂಡೇ ತಿರುಗಿದರು. ಸೋಮವಾರ ಸಂಜೆ ಮನೆಗೆ ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ತಾಟು ಮುಂದಿಟ್ಟರೆ ತಾಟೂ ತಿರುಗುತ್ತಿದೆ ಎನ್ನುತ್ತಿದ್ದರು. ಎದೆಯ ಮೇಲೆ ಪಟ್ಟಾದ ಅಗಲಕ್ಕೆ ಕೆಂಪು ಗೆರೆ. ನಾನು ಬೆಚ್ಚಗಿನ ಎಣ್ಣೆ ಹಚ್ಚುತ್ತಿದ್ದೆ. ಅವರೇ ತೆಗೆದ ಎಣ್ಣೆ.

ಕೊಟ್ರಪ್ಪ ಎಂಬ ರೈತ ಒಂದು ಸೋಮವಾರ ಕುಸುಬಿ ಚೀಲ ತಂದವನು ನಿಂತು ನೋಡಿದ. ನಗೆಮಾತಿನ ಮನುಷ್ಯ.

"ಏನಲೇ ಗಾಳೆಪ್ಪ, ಇಂಗ್ರೇಜರ ಕಾಲದಾಗ ಜೇಲಿನ್ಯಾಗ ಕೈದಿಗಳು ಗಾಣ ಹೊಡೀತಿದ್ರು. ನಿನಗ ಸ್ವರಾಜ್ಯ ಬಂದ ಮ್ಯಾಲೆ ಸಜಾ ಆತೇನು?"

"ಎತ್ತಿಗೆ ಸೋಮವಾರ ಸೂಟಿ, ಸರಕಾರಕ್ಕ ರವಿವಾರ ಸೂಟಿ," ಎಂದರು ಇವರು ತಿರುಗುತ್ತಲೇ. "ನನ್ನ ವಾರ ಇನ್ನೂ ಹುಟ್ಟಿಲ್ಲೋ ಕೊಟ್ರಪ್ಪಣ್ಣ."

ಕೊಟ್ರಪ್ಪ ನಕ್ಕ. ಆಮೇಲೆ ಚೀಲ ಇಳಿಸಿ ತಾನೂ ಹತ್ತು ಸುತ್ತು ನೂಕಿ ಹೋದ.

ಹೀಗೆ ಇಪ್ಪತ್ತೊಂದು ಸೋಮವಾರ. ಖೋಲಿಯ ಗೋಡೆಗೆ ನಾನು ಇದ್ದಿಲಿನಿಂದ ಗೆರೆ ಹಾಕುತ್ತಿದ್ದೆ. ವರ್ಷ ಎಂದು ಮುಗಿದೀತು ಎಂದು ನೋಡಲು ಹಾಕಿದ ಗೆರೆ.

ಇಪ್ಪತ್ತೊಂದನೆಯ ಸೋಮವಾರ ಸಾಹೇಬರು ಮತ್ತೆ ಬಂದರು. ಇವರು ಪಟ್ಟಾದಲ್ಲಿ ಸಿಕ್ಕಿಕೊಂಡು ತಿರುಗುತ್ತಿದ್ದರು. ನಿಂತು ಕೈಮುಗಿಯಲೂ ಆಗಲಿಲ್ಲ. ಸಾಹೇಬರು ಎತ್ತನ್ನು ನೋಡಿದರು, ಇವರನ್ನು ನೋಡಿದರು. ಇದೇನು ಎಂದು ವಿರೂಪಾಕ್ಷಪ್ಪನನ್ನು ಕೇಳಿದರು. ಅವನು ತಡವರಿಸುತ್ತ ಬಸವಣ್ಣನ ದಿನದ ಸಂಗತಿ ಹೇಳಿದ. ಸಾಹೇಬರು ಚೀಲದಿಂದ ನಮ್ಮ ಕಾಗದ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ವಾರದ ರಜೆ ಯಾವ ದಿನ ಎಂದು ಕೇಳುವ ಸಾಲು ಅದು. ನೀವು ಏನೂ ಹೇಳದ್ದಕ್ಕೆ ಕಾರಕೂನ ರವಿವಾರ ಎಂದು ಬರೆದಿದ್ದಾನೆ ಎಂದರು. ಆ ಶಬ್ದ ಹೊಡೆದುಹಾಕಿ ಮೇಲೆ ಸೋಮವಾರ ಎಂದು ಬರೆದು ಸಹಿ ಹಾಕಿದರು.

"ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲಪ್ಪ," ಎಂದರು.

ಇವರು ಪಟ್ಟಾ ಬಿಚ್ಚಿದರು. ಬಿಚ್ಚಿ ಅಲ್ಲೇ ನೆಲದ ಮೇಲೆ ಕುಳಿತರು. ನನಗೆ ಸಾಹೇಬರ ಮೇಲೆ ಸಿಟ್ಟು ಬರಲಿಲ್ಲ. ಅವರು ಮೊದಲ ಸಲ ಯಾಕೆ ಎಂದು ಕೇಳಿದ್ದರೆ ಎಂದು ಅನಿಸಿತು, ಅಷ್ಟೆ. ಇವರು ಹೇಳಿದ್ದರೆ ಎಂದೂ ಅನಿಸಿತು.

ವರ್ಷ ತುಂಬಿತು. ಸರಕಾರದ ಅರ್ಧ ನಿಂತಿತು. ಇನ್ನು ಹೋಗು ಎನ್ನುತ್ತಾನೆ ಎಂದು ನಾನು ಗಂಟು ಕಟ್ಟಿಟ್ಟಿದ್ದೆ. ವಿರೂಪಾಕ್ಷಪ್ಪ ಬಂದು ಗಂಟು ನೋಡಿ ಯಾವ ಊರಿಗೆ ಎಂದು ಕೇಳಿದ. ಅಷ್ಟರಲ್ಲಿ ಎರಡನೇ ಎತ್ತು ತಂದಿದ್ದ, ಎರಡನೇ ಗಾಣಕ್ಕೆ ಕಲ್ಲು ಮಾಡಿಕೊಡಲು ಹೇಳಿದ್ದ. ಸರಕಾರದ ಅರ್ಧವನ್ನು ಇನ್ನು ಗಾಣವೇ ಕೊಡುತ್ತದೆ ಎಂದ. ಎರಡನೇ ಗಾಣಕ್ಕೆ ಅದೇ ಆಫೀಸಿನಿಂದ ಬುಡ್ಡೇಸಾಬ ಎಂಬುವನು ಬಂದ. ಅವನೂ ಇವರ ಹಾಗೆ ಸಂಸ್ಥಾನದ ನೌಕರ, ಕುದುರೆ ಲಾಯದಲ್ಲಿ ಇದ್ದವನು. ಇವರೇ ಅವನಿಗೆ ಕೆಲಸ ಕಲಿಸಿದರು. ಮೊದಲನೇ ದಿನವೇ ಅವನನ್ನು ಗದಗಿಗೆ ಕರೆದುಕೊಂಡು ಹೋಗಿ ಕಾರಕೂನನ ಮುಂದೆ ನಿಂತು ಸೋಮವಾರ ಎಂದು ಬರೆಸಿದರು. ನಾಳೆ ಬಾ ಎಂದರೂ ಹೊರಗೆ ಹೋಗಲಿಲ್ಲವಂತೆ. ಬುಡ್ಡೇಸಾಬ ಬಂದು ಹೇಳಿದ.

ಆ ಆಫೀಸು ನಮಗೆ ಅನ್ನ ಕೊಟ್ಟಿತು. ಸುಳ್ಳು ಹೇಳಬಾರದು. ಎರಡು ಗಾಣ, ಮೂರು ಮನೆ ನಡೆದವು.

ಆದರೆ ಇವರ ಎದೆ ಮೊದಲಿನ ಹಾಗೆ ಆಗಲಿಲ್ಲ. ದಿಬ್ಬ ಹತ್ತಿದರೆ ನಿಲ್ಲುತ್ತಿದ್ದರು. ಎಣ್ಣೆ ಡಬ್ಬಿ ಬುಡ್ಡೇಸಾಬ ಹೊರತೊಡಗಿದ. ಗದಗಿನ ಡಾಕ್ಟರರು ಗುಂಡಿಗೆ ದುರ್ಬಲ ಎಂದರು. ಗಾಣ ನೂಕಿದ್ದಕ್ಕೆ ಆಯಿತೇ ಎಂದು ಕೇಳಿದೆ. ಹಾಗೆ ಹೇಳಲಾಗದು ಎಂದರು. ಅಲ್ಲ ಎಂದೂ ಹೇಳಲಿಲ್ಲ.

ಹೋದ ನವೆಂಬರದಲ್ಲಿ ಕನ್ನಡ ನಾಡು ಒಂದಾಯಿತು. ಲಕ್ಷ್ಮೇಶ್ವರದಲ್ಲಿ ಮೆರವಣಿಗೆ ಹೋಯಿತು, ಗಾಣದ ಮುಂದೆಯೂ ಬಂತು. ಇವರು ಹಾಸಿಗೆಯಲ್ಲಿದ್ದರು. ಏನು ಗದ್ದಲ ಎಂದರು. ಮುಂಬಯಿ ಸರಕಾರ ಹೋಯಿತಂತೆ, ಇನ್ನು ಮೈಸೂರು ಸರಕಾರವಂತೆ ಎಂದೆ. ಕಣ್ಣು ತೆರೆದರು.

"ಕರಿಯವ್ವ, ಗದಗಿನ ಆಫೀಸಿನ ಬಾಗಲದಾಗ ಒಬ್ಬ ಸಿಪಾಯಿ ಇದ್ದ. ಅವನ ಬಿಲ್ಲೆ ಬಿಚ್ಚಿಸಿಕೊಂಡಿರಬೇಕೇನು?"

ಇಲ್ಲ ಎಂದೆ. ನನಗೇನು ಗೊತ್ತು. ಇಲ್ಲ ಎಂದೆ.

ಹನ್ನೆರಡು ದಿನದ ಮೇಲೆ ತೀರಿಕೊಂಡರು. ಮಂಗಳವಾರ ಮಧ್ಯಾಹ್ನ. ವಿರೂಪಾಕ್ಷಪ್ಪ ಎರಡೂ ಗಾಣ ನಿಲ್ಲಿಸಿದ. ಮೂರು ದಿನ ನೊಗ ಮುಟ್ಟಲಿಲ್ಲ.

ಮೊನ್ನೆ ಅವನೂ ಶಾರದವ್ವನೂ ಖೋಲಿಗೆ ಬಂದರು. ಆಫೀಸು ಇನ್ನೂ ಇದೆಯಂತೆ, ಈಗ ವಿಧವೆಯರನ್ನೂ ತೆಗೆದುಕೊಳ್ಳುತ್ತಾರಂತೆ. ಕುಸುಬಿ ಹಸನು ಮಾಡುವುದು, ಎಣ್ಣೆ ಅಳೆಯುವುದು ನನಗೆ ಬರುತ್ತದೆ. ಗಾಳೆಪ್ಪನ ಜಾಗದಲ್ಲಿ ನೀನು ಇರು ಎಂದು ಕಾಗದ ತಂದಿದ್ದರು. ಈ ಸಲ ಕಾಗದ ಕನ್ನಡದಲ್ಲಿತ್ತು. ನಾನು ಮೂರನೇ ಇಯತ್ತೆ ಕಲಿತವಳು. ಅಕ್ಷರ ಕೂಡಿಸಿ ಓದಬಲ್ಲೆ.

ಹೆಸರು ಎಂದು ಮೇಲೆ ಇತ್ತು. ಗಂಡನ ಹೆಸರು ಎಂದು ಅದರ ಕೆಳಗೆ. ಎರಡನ್ನೂ ಬಿಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಇಳಿದು ಬಂದೆ. ವಾರದ ರಜೆ ದಿನ. ಅಲ್ಲಿ ಸೋಮವಾರ ಎಂದು ಬರೆದೆ. ಅಕ್ಷರ ಸೊಟ್ಟಾಯಿತು. ಓದಲು ಬರುತ್ತದೆಯೇ ಎಂದು ಶಾರದವ್ವನಿಗೆ ತೋರಿಸಿದೆ. ಅವಳು ಸೆರಗು ಬಾಯಿಗೆ ಹಿಡಿದಳು.

ಆಮೇಲೆ ಗಂಡನ ಹೆಸರಿನ ಸಾಲಿಗೆ ಹಿಂದಿರುಗಿ ಗಾಳೆಪ್ಪ ಎಂದು ಬರೆದೆ.