ಆರು ಕಂಪ್ಯೂಟರಿಗೆ ಒಂದೇ ಹೆಸರು

ಮಂಗಳವಾರ ಸಂಜೆ ನಾಲ್ಕೂ ಹತ್ತಕ್ಕೆ ಗಣಿತದ ಪ್ರಶ್ನೆಪತ್ರಿಕೆ ಕಾಲೇಜಿನ ಪ್ರಿಂಟರಿನಿಂದ ಹೊರಬಿದ್ದಿತ್ತು. ಬುಧವಾರ ಬೆಳಗಾಗುವಷ್ಟರಲ್ಲಿ ಅದರ ಫೋಟೊ ಔರಾದ ಶಹಾಜನಿ ಊರಿನ ವಿದ್ಯಾರ್ಥಿಗಳ ಮೊಬೈಲುಗಳಲ್ಲಿತ್ತು. ಪ್ರಿಂಟ್ ತೆಗೆದವರು ಯಾರೆಂದು ಪ್ರಿಂಟರಿನ ದಾಖಲೆ ಪಟ್ಟಿ ನೋಡಿದರೆ, ಅಲ್ಲಿದ್ದ ಹೆಸರು ಯೋಗಿತಾ.

ಯೋಗಿತಾ ಆ ಖಾಸಗಿ ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಕಾಸಾರಶಿರಸಿಯ ತನ್ನ ಒಕ್ಕಲು ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು. ಎರಡು ವರ್ಷದಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು, ಒಂದು ದಿನವೂ ತಡಮಾಡಿರಲಿಲ್ಲ. ಈಗ ಅವಳು ಸ್ಟಾಫ್ ರೂಮಿಗೆ ಕಾಲಿಟ್ಟರೆ ಮಾತು ಬೇರೆ ಕಡೆ ಹೊರಳುತ್ತಿತ್ತು. ಗಣಿತದ ಸೀಮಾ ಮೇಡಂ ತಮ್ಮ ಕಾಗದಗಳನ್ನು ಎದೆಗೆ ಅವಚಿಕೊಂಡರು. ಜವಾನ ಕಾಶೆಪ್ಪ ಮಾತ್ರ ಛಾ ಕೊಟ್ಟು, "ಕುಡಿಯವ್ವಾ, ಛಾದಾಗ ಯಾರ ಹೆಸರೂ ಬರಂಗಿಲ್ಲ," ಅಂದ.

ಪ್ರಾಚಾರ್ಯ ಬಸವಣ್ಣೆಪ್ಪ ಕರೆಸಿದರು. ಅವಳ ರಾಜೀನಾಮೆ ಅಚ್ಚಾಗಿ ಮೇಜಿನ ಮೇಲಿತ್ತು, ಸಹಿಯೊಂದೇ ಬಾಕಿ.

"ಮಶೀನ್ ಸುಳ್ಳ ಹೇಳ್ತದೇನು?"

"ನಾ ತೆಗದಿಲ್ರಿ ಸರ್."

"ಮತ್ತ ನಿನ್ನ ಹೆಸರು ಅದಕ್ಕ ಯಾರ್ ಹೇಳ್ಯಾರ?"

ಆಗ ಯೋಗಿತಾಳಿಗೆ ಹೊಳೆಯಿತು. ಹೇಳಿದವಳು ತಾನೇ! ಮೂರು ಕಂಪ್ಯೂಟರು ವಿಂಡೋಸಿನವು, ಮೂರು ಲಿನಕ್ಸಿನವು, ಎಲ್ಲಕ್ಕೂ ಪ್ರಿಂಟರ್ ಒಂದೇ. ಅದು ಹೆಸರು, ಪಾಸ್‌ವರ್ಡ್ ಕೇಳುವ ರೀತಿ ಒಂದೊಂದರಲ್ಲಿ ಒಂದೊಂದು. ಮರೆತವರೆಲ್ಲ ಅವಳನ್ನೇ ಕೂಗುತ್ತಿದ್ದರು. ಬೇಸತ್ತು, ದೀಪಾವಳಿ ರಜೆಯ ಮುಂಚೆ, ಆರರಲ್ಲೂ ತನ್ನ ಹೆಸರು, ಪಾಸ್‌ವರ್ಡನ್ನೇ ಹಾಕಿ ಉಳಿಸಿಬಿಟ್ಟಿದ್ದಳು.

"ಸರ್, ಈ ರಾಜೀನಾಮಾ ಯಾರ್ ಪ್ರಿಂಟ್ ತೆಗದಾರ್ರಿ?"

"ನಾನೇ. ಈಗ ತಾಸಿನ ಹಿಂದ."

"ಪಟ್ಟಿ ಒಮ್ಮಿ ನೋಡ್ರಿ."

ಬಸವಣ್ಣೆಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. ಕೊನೆಯ ಸಾಲಿನಲ್ಲಿತ್ತು: ರಾಜೀನಾಮೆ, ಹತ್ತೂ ನಲವತ್ತು, ಯೋಗಿತಾ.

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪ್ರಶ್ನೆಪತ್ರಿಕೆಯನ್ನು ಆರರಲ್ಲಿ ಯಾವುದರಿಂದ ಬೇಕಾದರೂ, ಅವುಗಳನ್ನು ಬಳಸುವ ಹನ್ನೊಂದು ಜನರಲ್ಲಿ ಯಾರು ಬೇಕಾದರೂ ತೆಗೆದಿರಬಹುದು. ಆ ಹನ್ನೊಂದರಲ್ಲಿ ಅವರೂ ಒಬ್ಬರು. ರಾಜೀನಾಮೆಯನ್ನು ಮಡಚಿ ಡ್ರಾಯರಿಗೆ ಹಾಕಿದರು, ಹರಿಯಲಿಲ್ಲ. "ಹೋಗು, ಕೆಲಸ ನೋಡು," ಅಂದರು.

ಆ ವಾರವೆಲ್ಲ ಯೋಗಿತಾ ಪ್ರತಿಯೊಬ್ಬರಿಗೂ ಅವರದೇ ಹೆಸರು ಹಾಕಿಕೊಟ್ಟಳು. ಪಾಸ್‌ವರ್ಡ್ ಒತ್ತುವಾಗ ಸೀಮಾ ಮೇಡಂ ಕೀಬೋರ್ಡಿಗೆ ಸೆರಗು ಅಡ್ಡ ಹಿಡಿದರು. ಕೊನೆಗೆ ಪ್ರಾಚಾರ್ಯರ ಸರದಿ.

"ಆ ಕಡಿ ನೋಡು."

ಯೋಗಿತಾ ಗೋಡೆಯತ್ತ ತಿರುಗಿ ನಿಂತಳು. ಹಿಂದೆ ಕೀಬೋರ್ಡಿನ ಸದ್ದು.

"ನಿನ್ನ ಹೆಸರು ಇದರಾಗಿಂದ ಹೋತೇನು?"

"ಹೋತ್ರಿ ಸರ್. ಇನ್ನ ಮ್ಯಾಲ ಯಾರ್ ತೆಗೀತಾರ, ಅವರ್ದೇ ಬರ್ತದ."

ಸದ್ದು ಗಕ್ಕನೆ ನಿಂತಿತು. ತುಸು ತಡೆದು ಮತ್ತೆ ಶುರುವಾಯಿತು. ಯೋಗಿತಾ ತಿರುಗಿ ನೋಡಲಿಲ್ಲ.