ಎಂಟನೆಯ ಸಾಲು

ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಅವಳನ್ನು ನಂಬರಕ್ಕ ಎನ್ನುತ್ತಾರೆ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಮುಂದಿನ ಎರಡು ಕೋಣೆ ನೋಡಿ, ಇಷ್ಟೇನಾ ಎಂದು ಮೂಗು ಮುರಿದು ಹೋಗುವವರಿಗೆ ಹಿಂದಿನ ಉಗ್ರಾಣದ ಸುದ್ದಿಯೇ ಗೊತ್ತಿಲ್ಲ. ಹೊರಗಿರುವುದು ಇನ್ನೂರು ಸಾಮಾನು, ಒಳಗಿರುವುದು ನಾಲ್ಕು ಸಾವಿರ. ನಿಂತುಹೋದ ಗಡಿಯಾರ, ಒಂಟಿ ಚಪ್ಪಲಿ, ಯಾರದೋ ಕನ್ನಡಕ, ಯಾರದೋ ಊರುಗೋಲು. ಪ್ರತಿಯೊಂದರ ಬೆನ್ನಿಗೋ ಅಡಿಗೋ ಒಂದು ಹನಿ ವಾರ್ನಿಶ್ ಹಚ್ಚಿ, ಒಣಗಿದ ಮೇಲೆ ಇರುವೆ ಸಾಲಿನಷ್ಟು ಸಣ್ಣಗೆ ಸಂಖ್ಯೆ ಬರೆದು, ಮೇಲೆ ಇನ್ನೊಂದು ಹನಿ ಹಚ್ಚುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಒಂದು ಸಂಖ್ಯೆಯೂ ತಪ್ಪಿಲ್ಲ.

ಮನೆಯಲ್ಲೂ ಅದೇ ಚಾಳಿ. ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರ್ ಬಿದ್ದ ದಿನ ಅಣ್ಣ, "ನನ್ ಬೆನ್ ಮೇಲೂ ಒಂದು ಬರೆದ್ಬಿಡಮ್ಮ, ಕಳೆದುಹೋದ್ರೆ ನಿಮ್ಮತ್ತಿಗೆಗೆ ಹುಡುಕೋಕೆ ಸುಲಭ" ಎಂದಿದ್ದ. ಅತ್ತಿಗೆ ಒಳಗಿನಿಂದಲೇ, "ಮೊದ್ಲು ಕಳೆದುಹೋಗಿ, ಹುಡುಕೋದು ಆಮೇಲೆ ನೋಡೋಣ" ಎಂದಿದ್ದಳು.

ಇಂಥ ಗಟ್ಟಿ ಹೆಂಗಸು ಒಂದು ಸ್ಲೇಟಿಗೆ ಹೆದರುತ್ತಿದ್ದಳು ಎಂದರೆ ನಿಮಗೆ ನಗು ಬರಬಹುದು. ನಗಬೇಡಿ.

ಅವಳು ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳು ತನ್ನ ಮಗಳ ಸ್ಲೇಟನ್ನು ತಂದುಕೊಟ್ಟಿದ್ದಳು. ಎಂಟು ವರ್ಷದ ಹುಡುಗಿ, ಒಂದೇ ದಿನದ ಜ್ವರಕ್ಕೆ ಹೋಗಿಬಿಟ್ಟಿತ್ತು. ಸ್ಲೇಟಿನ ಮೇಲೆ ಬಳಪದಲ್ಲಿ ಏಳರ ಮಗ್ಗಿ, ಎಂಟು ಸಾಲು. ಸಂಖ್ಯೆ ಬರೆಯುವ ಮುಂಚೆ ಮರದ ಕಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಅದು ನಿಯಮ. ಒರೆಸುವಾಗ ಬಟ್ಟೆಯ ತುದಿ ಜಾರಿತು. ಕೊನೆಯ ಸಾಲು ಅಳಿಸಿಹೋಯಿತು.

ನಂಬರಕ್ಕ ಗಾಬರಿಯಿಂದ ಅತ್ತಿತ್ತ ನೋಡಿದಳು. ಸುತ್ತ ಯಾರೂ ಇರಲಿಲ್ಲ. ಬಳಪ ಹುಡುಕಿ, ಮೇಲಿನ ಏಳು ಸಾಲುಗಳ ಡೊಂಕು ಅಂಕಿಗಳನ್ನು ನೋಡಿ ನೋಡಿ, ಅದೇ ಡೊಂಕಿನಲ್ಲಿ ಎಂಟನೆಯ ಸಾಲನ್ನು ತಾನೇ ಬರೆದಳು. ಏಳೆಂಟ್ಲೆ ಐವತ್ತಾರು. ಮೊದಲು ಏನು ಬರೆದಿತ್ತು ಎಂದು ನೋಡಿಟ್ಟುಕೊಂಡಿರಲಿಲ್ಲ. ಏಳೆಂಟ್ಲೆ ಇನ್ನೇನು ತಾನೇ ಆಗುತ್ತದೆ?

ಆ ವಾರದಿಂದಲೇ ಉಗ್ರಾಣದಲ್ಲಿ ಬಳಪದ ಸದ್ದು ಶುರುವಾಯಿತು. ಕಪಾಟುಗಳ ಹಿಂದೆ ಎಲ್ಲೋ ಕಿರ್ರೆಂದು ಗೀಚುವುದು, ತಿರುಗಿ ನೋಡಿದರೆ ನಿಲ್ಲುವುದು. ಕಾವಲುಗಾರ ಇಲಿ ಎಂದ. ಬೋನು ಇಟ್ಟರು. ಇಪ್ಪತ್ತಾರು ವರ್ಷದಲ್ಲಿ ಆ ಬೋನಿಗೆ ಒಂದು ಇಲಿಯೂ ಬೀಳಲಿಲ್ಲ.

ಹೊಲಿಗೆಯಮ್ಮ ವರ್ಷಕ್ಕೊಮ್ಮೆ, ಮಗಳು ಹೋದ ದಿನ, ತಪ್ಪದೆ ಬರುತ್ತಿದ್ದಳು. ನಂಬರಕ್ಕ ಸ್ಲೇಟನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟು, ಮುಖಕ್ಕೆ ಮುಖ ಕೊಡದೆ ಹೊರಗೆ ಹೋಗಿ ನಿಲ್ಲುತ್ತಿದ್ದಳು. ಆ ತಾಯಿ ಅರ್ಧ ಗಂಟೆ ಕೂತು, ತುಟಿ ಅಲ್ಲಾಡಿಸಿ, ಎದ್ದು ಹೋಗುತ್ತಿದ್ದಳು.

ಈ ವರ್ಷ ಹೊಸ ಮೇಡಂ ಮುಖ್ಯಸ್ಥರಾಗಿ ಬಂದರು. ಒಂದೊಂದು ಸಾಮಾನನ್ನೂ ಹಳೆಯ ಕಾಗದಗಳ ಜೊತೆ ತಾಳೆ ನೋಡಬೇಕೆಂದರು. ಸ್ಲೇಟಿನ ಫೈಲಿನಲ್ಲಿ ಹಳೇ ಸಾಹೇಬರ ಕೈಬರಹದ ಚೀಟಿ ಸಿಕ್ಕಿತು. ನಂಬರಕ್ಕನಿಗೆ ಕುಂಚ ಹಿಡಿಯಲು ಕಲಿಸಿದವರು ಅವರೇ, ತೀರಿಕೊಂಡು ಬಹಳ ಕಾಲವಾಗಿತ್ತು. ಚೀಟಿಯಲ್ಲಿ ಹೀಗಿತ್ತು: ಏಳರ ಮಗ್ಗಿ. ಕೊನೆಯ ಉತ್ತರ ಐವತ್ತನಾಲ್ಕು ಎಂದಿದೆ. ತಪ್ಪು, ಆದರೆ ಹಾಗೆಯೇ ಇರಲಿ.

"ನಂಬರಕ್ಕ, ಚೀಟೀಲಿ ಐವತ್ನಾಲ್ಕು ಅಂತಿದೆ, ಸ್ಲೇಟಲ್ಲಿ ನೋಡಿದ್ರೆ ಐವತ್ತಾರು. ಯಾವುದು ಸರಿ?" ಎಂದರು ಮೇಡಂ. "ನಾಳೆ ಆ ಅಮ್ಮ ಬರ್ತಾರಲ್ಲ, ಅವರನ್ನೇ ಕೇಳಿಬಿಡಿ."

ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ಎಲ್ಲ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡಳು. ಕೆಲಸ ಹೋದರೂ ಹೋಗಲಿ, ಎದೆಯ ಮೇಲಿನ ಭಾರವಾದರೂ ಇಳಿಯಲಿ.

ಮರುದಿನ ಹೊಲಿಗೆಯಮ್ಮ ಗೋಡೆ ಹಿಡಿದುಕೊಂಡು ಬಂದಳು. ಕಣ್ಣಿಗೆ ಪೊರೆ ಬಂದಿತ್ತು. "ನಂಗೆ ಕಾಣಲ್ಲ ಮಗಳೇ, ಕೊನೇ ಸಾಲು ನೀನೇ ಓದು" ಎಂದಳು.

"ಏಳೆಂಟ್ಲೆ ಐವತ್ತಾರು."

ಮುದುಕಿಯ ಮುಖ ಅರಳಿತು. "ಅವತ್ತು ಅವಳು ಐವತ್ನಾಲ್ಕು ಅಂತ ಬರೆದಿದ್ಲು. ಹೊಲಿಯೋ ಬಟ್ಟೆ ರಾಶಿ ಬಿದ್ದಿತ್ತು, ನಂಗೆ ಸಿಟ್ಟು ನೆತ್ತಿಗೇರಿತ್ತು. ಸ್ಕೇಲಲ್ಲಿ ಕೈಗೆ ಬಾರಿಸಿದೆ. ಸರಿಯಾಗಿ ಬರೆಯೋ ತನಕ ನನ್ನ ಅಮ್ಮಾ ಅಂತ ಕರೀಬೇಡ ಅಂದೆ. ಹೇಳಿದ ಮಾತು ಕೇಳೋ ಮಗು ನೋಡು, ಮಾರನೇ ದಿನ ಮೈ ಸುಡ್ತಿದ್ರೂ ಒಂದ್ ಸಲಾನೂ ಕರೀಲಿಲ್ಲ. ಕರೀದೇನೇ ಹೋದ್ಲು."

ನಂಬರಕ್ಕ ಸ್ಲೇಟನ್ನು ಮೆಲ್ಲನೆ ತನ್ನ ಕಡೆಗೆ ಎಳೆದುಕೊಂಡಳು.

"ಆ ಐವತ್ನಾಲ್ಕನ್ನ ಮನೇಲಿ ಇಟ್ಕೊಳ್ಳೋಕಾಗದೆ ಇಲ್ಲಿ ಕೊಟ್ಟೆ. ವರ್ಷ ಕಳೆದು ನೋಡೋಕೆ ಬಂದ್ರೆ, ಐವತ್ತಾರು! ಬಂದು ತಿದ್ದಿ ಹೋಗಿದಾಳೆ. ಅವತ್ತಿಂದ ಮಿಷನ್ ಮುಂದೆ ಕೂತಾಗ ಹಿಂದಿಂದ ಅಮ್ಮಾ ಅಂತಾಳೆ. ಅದೊಂದಕ್ಕೇ ಬದುಕಿದೀನಿ." ಅವಳು ನಂಬರಕ್ಕನ ಕೈ ತಡವಿ ಹಿಡಿದುಕೊಂಡಳು. "ನೀನು ಇಲ್ಲೇ ಇರ್ತೀಯಲ್ಲ, ನಿಂಗೂ ಏನಾದ್ರೂ ಕೇಳಿಸುತ್ತಾ?"

ಒಂದಾದರೂ ನಿಜ ಹೇಳೋಣ ಎನಿಸಿತು ಅವಳಿಗೆ. "ಬಳಪದ ಸದ್ದು ಕೇಳಿಸುತ್ತಮ್ಮ. ಗೀಚೋ ಸದ್ದು. ದಿನಾ."

ಮುದುಕಿ ನಕ್ಕಳು. ಆಮೇಲೆ ಆ ನಗು ನಿಧಾನವಾಗಿ ಇಳಿಯಿತು. "ಸರಿಯಾಗಿ ಬರೆದಾಯ್ತಲ್ಲ. ಇನ್ನೂ ಯಾಕೆ ಬರೀತಾಳೆ?"

ನಂಬರಕ್ಕ ಮುದುಕಿಯನ್ನು ಬಾಗಿಲ ತನಕ ಕೈಹಿಡಿದು ಬಿಟ್ಟುಬಂದಳು. ಮೇಡಂಗೆ, "ಚೀಟೀನೇ ತಪ್ಪಂತೆ. ಹಳೇ ಸಾಹೇಬರು ನೋಡಿದ್ದರಲ್ಲಿ ಏನೋ ಎಡವಟ್ಟಾಗಿರಬೇಕು" ಎಂದಳು. ಸತ್ತ ಗುರುವಿನ ತಲೆಗೆ ತನ್ನ ತಪ್ಪನ್ನು ಕಟ್ಟಬಾರದೆಂದು ಅವಳಿಗೆ ಗೊತ್ತಿತ್ತು. ಆದರೂ ಕಟ್ಟಿದಳು.

ಸಂಜೆ ಸ್ಲೇಟನ್ನು ಪೆಟ್ಟಿಗೆಗೆ ಇಡುವಾಗ ಮುದುಕಿಯ ಪ್ರಶ್ನೆಗೆ ಉತ್ತರ ಹೊಳೆಯಿತು. ಐವತ್ತಾರು ಬರೆದದ್ದು ಮಗುವಲ್ಲ, ತಾನು. ಮಗುವಿನ ಉತ್ತರ ಇನ್ನೂ ಸರಿಯಾಗಿಲ್ಲ. ಅಮ್ಮಾ ಎನ್ನಲು ಅದಕ್ಕೆ ಅಪ್ಪಣೆ ಸಿಕ್ಕಿಲ್ಲ. ಬರೆಯೋಣವೆಂದರೆ ಅದರ ಜಾಗದಲ್ಲಿ ಬೇರೊಬ್ಬರ ಬರಹ ಕೂತಿದೆ. ಹಾಗಾದರೆ ಆ ಮನೆಯಲ್ಲಿ ಹೊಲಿಗೆ ಮಿಷನ್ನಿನ ಹಿಂದೆ ನಿಂತು ಕರೆಯುತ್ತಿರುವುದು ಯಾರು ಎಂದು ಯೋಚಿಸುವ ಧೈರ್ಯ ಅವಳಿಗಾಗಲಿಲ್ಲ.

ಕಪಾಟಿನ ಹಿಂದೆ ಬಳಪ ಗೀಚಿತು. ಈ ಸಲ ಅವಳು ತಿರುಗಿ ನೋಡಲಿಲ್ಲ. ನೆಲದ ಮೇಲೆ ಕುಳಿತಳು.

ಈಗ ದಿನವೂ ಬೀಗ ಹಾಕುವ ಮುಂಚೆ ಅವಳು ಉಗ್ರಾಣದಲ್ಲಿ ಕೂತು ಏಳರ ಮಗ್ಗಿ ಹೇಳುತ್ತಾಳೆ. ಪಕ್ಕದಲ್ಲಿ ಒಂದು ಖಾಲಿ ಸ್ಲೇಟು, ಒಂದು ಬಳಪ. "ನಂಬರಕ್ಕ ಈ ವಯಸ್ಸಲ್ಲಿ ಸ್ಕೂಲಿಗೆ ಸೇರಿದಾರೆ" ಎಂದು ಕಾವಲುಗಾರ ಎಲ್ಲರಿಗೂ ಹೇಳಿಕೊಂಡು ನಗುತ್ತಾನೆ. ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು, ಮಕ್ಕಳಿಗೆ ಹೇಳಿಕೊಡುವಂತೆ ನಿಧಾನವಾಗಿ, ಗದರದೆ ಹೇಳುತ್ತಾಳೆ. ಏಳೇಳ್ಲೆ ನಲವತ್ತೊಂಬತ್ತು. ಏಳೆಂಟ್ಲೆ ಎಂದು ಅಲ್ಲಿಗೆ ನಿಲ್ಲಿಸಿ, ಸ್ಲೇಟಿಗೂ ಕಪಾಟುಗಳಿಗೂ ಬೆನ್ನು ಮಾಡಿ, ಉತ್ತರಕ್ಕೆ ಕಾಯುತ್ತಾಳೆ.